ಸೀಬ್ರೈಟ್ ಹುಂಜಕ್ಕೆ ಏನೂ ಕೊರತೆಯಿಲ್ಲ

ಸೀಬ್ರೈಟ್ ಬ್ಯಾಂಟಮ್ ಎಂಬ ಪುಟ್ಟ ಕೋಳಿಯ ಬಗ್ಗೆ ಸಾಕಣೆಯ ಕೈಪಿಡಿಗಳು, ಪ್ರದರ್ಶನದ ತೀರ್ಪುಗಾರರು, ಅಲಂಕಾರಿಕ ಕೋಳಿ ಮಾರುವವರು ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಇಂಗ್ಲೆಂಡಿನ ಸರ್ ಜಾನ್ ಸಾಂಡರ್ಸ್ ಸೀಬ್ರೈಟ್ ಎಂಬ ಸಿರಿವಂತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪಟ್ಟುಹಿಡಿದು ಈ ತಳಿಯನ್ನು ಸೃಷ್ಟಿಸಿದ. ಮೈಮೇಲಿನ ಪ್ರತಿಯೊಂದು ಗರಿಗೂ ಕಪ್ಪು ಅಂಚು ಕಟ್ಟಿದ. ಆ ಅಂಚಿನ ಆಸೆಗೆ ಹುಂಜದ ಬಾಗಿದ ಬಾಲವನ್ನೂ ಕುತ್ತಿಗೆಯ ಜೂಲನ್ನೂ ಬಲಿಕೊಟ್ಟು ಅದಕ್ಕೆ ಹೇಂಟೆಯ ಉಡುಗೆ ತೊಡಿಸಿದ. ಹೀಗಾಗಿ ಇದು ನೋಡಲು ಒಡವೆಯಂಥ ಹಕ್ಕಿ, ಮೊಟ್ಟೆಗಾಗಲಿ ಮಾಂಸಕ್ಕಾಗಲಿ ಒದಗದ ಹಕ್ಕಿ, ಮರಿ ಮಾಡುವುದರಲ್ಲೂ ದುರ್ಬಲ. ಅಂದಕ್ಕೆ ತೆರಬೇಕಾದ ಬೆಲೆಯೇ ಅದು ಎಂದು ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಹಸಿ ಸುಳ್ಳು ಕಡಿಮೆ, ತಪ್ಪು ಓದು ಹೆಚ್ಚು. ಬ್ಯಾಂಟಮ್ ತಳಿಗಳಲ್ಲೆಲ್ಲ ಸೀಬ್ರೈಟ್ ಶ್ರೇಷ್ಠ ಎಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಅದರ ಶ್ರೇಷ್ಠತೆಗೆ ಎಲ್ಲರೂ ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಈ ಹಕ್ಕಿಯ ತಿರುಳು ಕಪ್ಪು ಅಂಚಿನಲ್ಲಿಲ್ಲ; ಆ ಅಂಚು ನಿಲ್ಲಲು ಜಾಗ ಕೊಟ್ಟ ಹುಂಜದ ಗರಿಯಲ್ಲಿದೆ. ಆ ಗರಿ ಏನನ್ನೋ ಕಳೆದುಕೊಂಡದ್ದರ ಗುರುತಲ್ಲ, ದೇಹದಲ್ಲಿ ಹೊಸದಾಗಿ ಶುರುವಾದ ಒಂದು ಕ್ರಿಯೆಯ ಫಲ. ಅದನ್ನು ಯಾವ ಮನುಷ್ಯನೂ ಸೃಷ್ಟಿಸಲಿಲ್ಲ. ಒಬ್ಬ ಮನುಷ್ಯ ಅದರ ಬೆಲೆ ಅರಿತ, ಅಷ್ಟೆ. ಇದನ್ನು ಮರೆತು ಅಂಚೊಂದನ್ನೇ ಪೂಜಿಸುತ್ತ ಬಂದಿದ್ದರಿಂದ ತಳಿಗೆ ಆಗಿರುವ ಹಾನಿ ಸಣ್ಣದಲ್ಲ.

ಹಕ್ಕಿಯನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ, ಆದರೂ ವಾದಕ್ಕೆ ಬೇಕಾದಷ್ಟನ್ನು ನೆನಪಿಸುತ್ತೇನೆ. ಸೀಬ್ರೈಟ್ ಅಪ್ಪಟ ಬ್ಯಾಂಟಮ್. ಯಾವುದೋ ದೊಡ್ಡ ತಳಿಯನ್ನು ಕುಗ್ಗಿಸಿ ಮಾಡಿದ್ದಲ್ಲ, ಇದಕ್ಕೆ ದೊಡ್ಡ ರೂಪವೇ ಇಲ್ಲ. ಬ್ರಿಟಿಷ್ ಮಾನದಂಡದ ಪ್ರಕಾರ ಹುಂಜ 620 ಗ್ರಾಂ, ಹೇಂಟೆ 510 ಗ್ರಾಂ. ಹಿಂದಕ್ಕೆ ಮೊನೆಯಾಗುವ ಚಪ್ಪಟೆ ಜುಟ್ಟು, ಮುಂದಕ್ಕೆ ಉಬ್ಬಿದ ಎದೆ, ನೆಲದತ್ತ ಇಳಿಬಿದ್ದ ರೆಕ್ಕೆ, ಗಿಡ್ಡ ಬೆನ್ನು, ಸ್ಲೇಟು ಬಣ್ಣದ ಕಾಲು. ಬಂಗಾರ ಮತ್ತು ಬೆಳ್ಳಿ ಎಂದು ಎರಡು ಬಗೆ. ಪ್ರದರ್ಶನಗಳಲ್ಲಿ ಈ ಎರಡನ್ನೂ ಬೇರೆ ಬೇರೆ ವಂಶಗಳಂತೆ ಕಾಣುತ್ತಾರೆ. ವಾಸ್ತವದಲ್ಲಿ ಅವುಗಳ ನಡುವಿನ ಮುಖ್ಯ ವ್ಯತ್ಯಾಸ ಒಂದೇ ಒಂದು ಜೀನ್. ಅದು ಲಿಂಗ ವರ್ಣತಂತುವಿನ ಮೇಲಿದ್ದು, ಗರಿಯ ಕೆಂಚು ಬಣ್ಣವನ್ನು ತಡೆದರೆ ಬೆಳ್ಳಿ, ತಡೆಯದಿದ್ದರೆ ಬಂಗಾರ. ಬಂಗಾರದ ಹುಂಜವನ್ನು ಬೆಳ್ಳಿಯ ಹೇಂಟೆಗೆ ಕೂಡಿಸಿದರೆ ಗಂಡುಮರಿಗಳೆಲ್ಲ ಬೆಳ್ಳಿ, ಹೆಣ್ಣುಮರಿಗಳೆಲ್ಲ ಬಂಗಾರ ಆಗುವುದು ಈ ಕಾರಣಕ್ಕೆ. ಜನ ಮೊದಲು ನೋಡುವ ಬಣ್ಣ ತಳಿಯ ಅತ್ಯಂತ ತೆಳುವಾದ ಪದರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಅಂಚಿನ ಮಾತು. ಕಪ್ಪು ಅಂಚಿನ ಗರಿ ಸೀಬ್ರೈಟ್‌ಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ವಯಾಂಡಾಟ್ ತಳಿಯಲ್ಲೂ ಅದಿದೆ. 1883ರಲ್ಲಿ ಮಾನ್ಯತೆ ಸಿಗುವ ಮುಂಚೆ ಆ ಕೋಳಿಯನ್ನು ಅಮೆರಿಕನ್ ಸೀಬ್ರೈಟ್ ಎಂದು ಕರೆದದ್ದೂ ಉಂಟು. ಆದರೆ ಬೆಳ್ಳಿಯಂಚಿನ ವಯಾಂಡಾಟ್ ಹುಂಜ ಮತ್ತು ಬೆಳ್ಳಿ ಸೀಬ್ರೈಟ್ ಹುಂಜಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ವಯಾಂಡಾಟ್ ಎದೆಯ ಮೇಲೆ ಅಂಚು ದುಂಡಗೆ, ಸ್ಪಷ್ಟವಾಗಿ ಕೂತಿರುತ್ತದೆ. ಕುತ್ತಿಗೆಗೂ ಸೊಂಟಕ್ಕೂ ಬರುತ್ತಿದ್ದಂತೆ ಅದೇ ವಿನ್ಯಾಸ ಚದುರಿ, ಗರಿಯ ನಡುವೆ ಓಡುವ ಕಪ್ಪು ಪಟ್ಟೆಯಾಗಿಬಿಡುತ್ತದೆ. ಕಾರಣ ಬಣ್ಣದಲ್ಲಿಲ್ಲ, ಗರಿಯ ಆಕಾರದಲ್ಲಿದೆ. ಹುಂಜದ ಕುತ್ತಿಗೆ ಮತ್ತು ಸೊಂಟದ ಗರಿಗಳು ಉದ್ದ, ಸಪೂರ, ತುದಿ ಚೂಪು, ಅಂಚು ಸಡಿಲ. ಅಂಥ ಗರಿಯ ಸುತ್ತ ಸಮನಾದ ರೇಖೆ ನಿಲ್ಲುವುದಿಲ್ಲ. ಹೇಂಟೆಯ ಗರಿ ಅಗಲ, ದುಂಡು, ಬಿಗಿ. ಅಲ್ಲಿ ರೇಖೆ ಹೊರಟಲ್ಲಿಗೇ ಬಂದು ಸೇರುತ್ತದೆ. ಸೀಬ್ರೈಟ್ ಹುಂಜದ ಮೈಯೆಲ್ಲ ಆ ಬಗೆಯ ಗರಿ ಇರುವುದರಿಂದಲೇ ಅದರ ತಲೆಯಿಂದ ಬಾಲದವರೆಗೆ ವಿನ್ಯಾಸ ಎಲ್ಲೂ ಮುರಿಯದೆ ಸಾಗುತ್ತದೆ.

ಆದ್ದರಿಂದ ಅಂಚಿಗಾಗಿ ಹುಂಜದ ಗರಿಯನ್ನು ಬಲಿಕೊಟ್ಟರು ಎಂಬ ಮಾತೇ ತಲೆಕೆಳಗು. ಹೇಂಟೆ ಗರಿ ಇಲ್ಲಿ ಅಂಚಿಗೆ ತೆತ್ತ ಬೆಲೆಯಲ್ಲ, ಅಂಚಿಗೆ ಆಧಾರ. ಬಣ್ಣದ ಜೀನ್‌ಗಳನ್ನು ಎಷ್ಟು ಜಾಣ್ಮೆಯಿಂದ ಕೂಡಿಸಿದರೂ ಈ ಗರಿಯಿಲ್ಲದೆ ಹೋದರೆ ಸಿಗುವುದು ಪುಟ್ಟ ವಯಾಂಡಾಟ್ ಮಾತ್ರ. ತೀರ್ಪುಗಾರರು ಅಂಚಿಗೆ ಉದಾರವಾಗಿ ಅಂಕ ಕೊಟ್ಟು, ಹೇಂಟೆ ಗರಿಯನ್ನು ಇದ್ದರೆ ಸರಿ, ಇಲ್ಲದಿದ್ದರೆ ದೋಷ ಎಂಬ ಷರತ್ತಿನ ಮಟ್ಟಕ್ಕೆ ಇಳಿಸಿದ್ದಾರೆ. ಅಲಂಕಾರವನ್ನು ರೂಪದಿಂದ ಬಿಡಿಸಿ ನೋಡುವ ಈ ದೃಷ್ಟಿಯನ್ನು ನಾವು ಕಾವ್ಯದಲ್ಲಾಗಲಿ ಶಿಲ್ಪದಲ್ಲಾಗಲಿ ಒಪ್ಪುವುದಿಲ್ಲ. ಕೋಳಿಯ ವಿಷಯದಲ್ಲಿ ಮಾತ್ರ ಯಾಕೆ ಒಪ್ಪಬೇಕು?

ಇನ್ನು ಕೊರತೆಯ ಮಾತು. ಸೀಬ್ರೈಟ್ ಹುಂಜವನ್ನು ವರ್ಣಿಸುವಾಗ ಎಲ್ಲರೂ ಬಳಸುವುದು ಇಲ್ಲಗಳ ಪಟ್ಟಿ: ಕುಡುಗೋಲಿನಂತೆ ಬಾಗಿದ ಬಾಲದ ಗರಿ ಇಲ್ಲ, ಕುತ್ತಿಗೆಯ ಜೂಲಿಲ್ಲ, ಸೊಂಟದ ಇಳಿಗರಿ ಇಲ್ಲ. ಇದರ ಹಿಂದಿರುವುದು ಒಂದು ಸರಳ ನಂಬಿಕೆ. ಹೇಂಟೆಯ ಸಾದಾ ಗರಿ ಮೂಲರೂಪ, ಗಂಡಿನ ಹಾರ್ಮೋನು ಅದರ ಮೇಲೆ ಹುಂಜದ ಅಲಂಕಾರವನ್ನು ಹೇರುತ್ತದೆ, ಸೀಬ್ರೈಟ್‌ನಲ್ಲಿ ಆ ಕೆಲಸ ಅರ್ಧಕ್ಕೆ ನಿಂತಿದೆ ಎಂಬುದು ಆ ನಂಬಿಕೆ. ಕೋಳಿಯ ಮೈ ಕೆಲಸ ಮಾಡುವುದು ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ.

ವೃಷಣ ತೆಗೆದ ಹುಂಜವನ್ನು ನೋಡಿದವರಿಗೆ ಇದು ಗೊತ್ತು. ಅದರ ಜುಟ್ಟು ಬಾಡಿ ಸಣ್ಣದಾಗುತ್ತದೆ, ಕೂಗು ಅಡಗುತ್ತದೆ, ಜಗಳ ಕಡಿಮೆಯಾಗುತ್ತದೆ. ಬಾಲ ಮತ್ತು ಕುತ್ತಿಗೆಯ ಗರಿಗಳು ಮಾತ್ರ ಇದ್ದಂತೆಯೇ ಇರುತ್ತವೆ. ಇತ್ತ ಹೇಂಟೆಯ ಅಂಡಾಶಯ ರೋಗದಿಂದ ಕೆಟ್ಟರೆ ಅಥವಾ ಅದನ್ನು ತೆಗೆದರೆ, ಮುಂದಿನ ಬಾರಿ ಗರಿ ಉದುರಿ ಹುಟ್ಟುವಾಗ ಹುಂಜದ ಗರಿ ಬರುತ್ತದೆ. ಅಂದರೆ ಗರಿಯ ಮಟ್ಟಿಗೆ ಕೋಳಿಯಲ್ಲಿ ತಾನಾಗಿ ಬರುವುದು ಹುಂಜದ ವೇಷ. ಹೇಂಟೆಯ ಗರಿಯೇ ಮೈ ದುಡಿದು ಸಂಪಾದಿಸಿದ್ದು. ಈಸ್ಟ್ರೋಜನ್ ಎಂಬ ಹಾರ್ಮೋನು ಪ್ರತಿ ಗರಿಯ ಬುಡದಲ್ಲೂ ಕೆಲಸ ಮಾಡಿದರೆ ಮಾತ್ರ ಅದು ಮೂಡುತ್ತದೆ. ಈ ಲೆಕ್ಕದಲ್ಲಿ ಸೀಬ್ರೈಟ್ ಹುಂಜ ಅಪೂರ್ಣ ಹುಂಜವಲ್ಲ. ಬೇರೆ ಹುಂಜಗಳ ಚರ್ಮ ಮಾಡದ ಒಂದು ಕೆಲಸವನ್ನು ಅದರ ಚರ್ಮ ಮಾಡುತ್ತಿದೆ.

ಈ ಸತ್ಯದ ಹತ್ತಿರಕ್ಕೆ ಮೊದಲು ಹೋದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. ಸಾಕುಪ್ರಾಣಿಗಳ ಮಾರ್ಪಾಡಿನ ಕುರಿತು 1868ರಲ್ಲಿ ತಂದ ದೊಡ್ಡ ಗ್ರಂಥದಲ್ಲಿ ಆತ ಒಂದು ಬಂಗಾರದ ಸೀಬ್ರೈಟ್ ಹೇಂಟೆಯ ಸಂಗತಿ ಬರೆದಿದ್ದಾನೆ. ಮುದಿಯಾಗಿ ಅಂಡಾಶಯ ಕೆಟ್ಟ ಆ ಹೇಂಟೆಗೆ ಗಂಡಿನ ಲಕ್ಷಣ ಬಂತು. ಸೀಬ್ರೈಟ್ ಹುಂಜಕ್ಕೇ ಉದ್ದ ಬಾಲವಿಲ್ಲದ ಮೇಲೆ ಹುಂಜದಂತಾದ ಹೇಂಟೆಗೂ ಅದು ಬರಬಾರದು. ಬಂದದ್ದು ಸುಮಾರು ಒಂದು ಅಡಿ ಉದ್ದದ ಬಾಗಿದ ಬಾಲ, ಸೊಂಟದ ಇಳಿಗರಿ, ಕುತ್ತಿಗೆಯ ಜೂಲು. ತನ್ನ ತಳಿಯ ಯಾವ ಹುಂಜಕ್ಕೂ ಇಲ್ಲದ ಪೂರಾ ವೇಷ. ಸುಮಾರು 60 ವರ್ಷ ಹಿಂದಿನ ಪೂರ್ವಜರ ಗುಣ ಮರುಕಳಿಸಿದೆ ಎಂದು ಡಾರ್ವಿನ್ ಅದನ್ನು ವಿವರಿಸಿದ. ಗಂಡಿನ ಗರಿ ಆ ಹೇಂಟೆಯೊಳಗೆ ಅಡಗಿಯೇ ಇತ್ತು ಎಂಬಷ್ಟರಲ್ಲಿ ಆತನ ಮಾತು ನಿಜ. ಆದರೆ ಅದನ್ನು ಪೂರ್ವಜರ ನೆನಪಾಗಿ ಓದಿದ್ದು ತಪ್ಪಾಯಿತು. ಅಂಡಾಶಯ ನಿಂತಿತು, ಈಸ್ಟ್ರೋಜನ್ ತಪ್ಪಿತು, ತಡೆ ತೆರೆಯಿತು, ತಾನಾಗಿ ಬರುವ ಗರಿ ಬಂತು. ಅರವತ್ತು ವರ್ಷ ಹಿಂದಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಕಾರಣ ಆ ಹೇಂಟೆಯ ಮೈಯಲ್ಲೇ, ಆ ವರ್ಷವೇ ಇತ್ತು.

ಅದನ್ನು ಪ್ರಯೋಗದಿಂದ ತೋರಿಸಿದವನು ತಾಮಸ್ ಹಂಟ್ ಮಾರ್ಗನ್. ಹಣ್ಣುನೊಣಗಳ ಮೇಲಿನ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದ ವಿಜ್ಞಾನಿಯಾಗಿ ಈತ ಎಲ್ಲರಿಗೂ ಗೊತ್ತು. ಸೀಬ್ರೈಟ್ ಕೋಳಿಗಳ ಮೇಲೆ ವರ್ಷಗಟ್ಟಲೆ ದುಡಿದವನೂ ಈತನೇ ಎಂಬುದನ್ನು ತಳಿಯ ಅಭಿಮಾನಿಗಳೇ ಹೇಳುವುದಿಲ್ಲ. 1919ರಲ್ಲಿ ಪ್ರಕಟವಾದ ಆತನ ಅಧ್ಯಯನದ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸೀಬ್ರೈಟ್ ಹುಂಜದ ವೃಷಣ ತೆಗೆದರೆ ಅದು ಇನ್ನಷ್ಟು ಹೇಂಟೆಯಂತಾಗಲಿಲ್ಲ, ಹುಂಜದ ಗರಿ ತಳೆಯಿತು. ಸಾಧಾರಣ ಹುಂಜದ ಗರಿಗೆ ಏನೂ ಮಾಡದ ಶಸ್ತ್ರಕ್ರಿಯೆ ಸೀಬ್ರೈಟ್‌ಗೆ ಉದ್ದ ಜೂಲು, ಬಾಗಿದ ಬಾಲ ತಂದುಕೊಟ್ಟಿತು. ಗಂಡುತನದ ಕೊರತೆಯಿಂದ ಈ ಹುಂಜಕ್ಕೆ ಹೇಂಟೆಯ ಗರಿ ಬಂದಿದೆ ಎನ್ನುವವರು ಈ ಒಂದು ಪ್ರಯೋಗಕ್ಕೆ ಉತ್ತರ ಹೇಳಬೇಕು. ಕೊರತೆಯೇ ಕಾರಣವಾಗಿದ್ದರೆ ವೃಷಣ ತೆಗೆದಾಗ ಕೊರತೆ ಹೆಚ್ಚಬೇಕಿತ್ತು.

ಮಾರ್ಗನ್ ಕೂಡ ಕಾರಣವನ್ನು ಹುಡುಕಿದ್ದು ವೃಷಣದ ಒಳಗಿನ ಜೀವಕೋಶಗಳಲ್ಲಿ. ಮುಂದೆ ಹೇಂಟೆ ಗರಿಯ ತಳಿಗಳಲ್ಲಿ ನಡೆದ ಚರ್ಮ ಕಸಿಯ ಪ್ರಯೋಗಗಳು ವ್ಯತ್ಯಾಸ ಇರುವುದು ವೃಷಣದಲ್ಲಲ್ಲ, ಚರ್ಮದಲ್ಲಿ ಎಂದು ತೋರಿಸಿದವು. 1980ರ ದಶಕದ ಜೀವರಸಾಯನ ಇನ್ನೂ ನಿಖರವಾಗಿ ಹೇಳಿತು: ಟೆಸ್ಟೊಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುವ ಅರೊಮಟೇಸ್ ಎಂಬ ಕಿಣ್ವ ಸೀಬ್ರೈಟ್‌ನ ಚರ್ಮದಲ್ಲಿ ಹೇರಳವಾಗಿದೆ. ಸಾಮಾನ್ಯ ಹುಂಜದ ಚರ್ಮದಲ್ಲಿ ಈ ಕೆಲಸ ನಡೆಯುವುದಿಲ್ಲ. ಹುಂಜದ ವೃಷಣ ಒದಗಿಸುವ ಗಂಡು ಹಾರ್ಮೋನೇ ಗರಿಯ ಬುಡಕ್ಕೆ ಬಂದು ಈಸ್ಟ್ರೋಜನ್ ಆಗುತ್ತದೆ. ವೃಷಣ ತೆಗೆದರೆ ಕಚ್ಚಾ ಸಾಮಗ್ರಿ ನಿಲ್ಲುತ್ತದೆ, ಈಸ್ಟ್ರೋಜನ್ ನಿಲ್ಲುತ್ತದೆ, ಹುಂಜದ ಗರಿ ಬರುತ್ತದೆ. ಮಾರ್ಗನ್ ಕಂಡ ಒಗಟು ಇಲ್ಲಿ ಪೂರ್ತಿ ಬಿಡುತ್ತದೆ.

ಹಾಗಾದರೆ ಆ ಕಿಣ್ವ ಚರ್ಮಕ್ಕೆ ಬಂದದ್ದು ಹೇಗೆ? 1991ರಲ್ಲಿ ಪ್ರಕಟವಾದ ಜೀನ್ ವಿಶ್ಲೇಷಣೆ ಅದನ್ನೂ ತೋರಿಸಿತು. ಅರೊಮಟೇಸ್ ಜೀನ್‌ನ ಹೊಸ್ತಿಲಲ್ಲಿ ಒಂದು ರೆಟ್ರೊವೈರಸ್ ತನ್ನ ತುಣುಕನ್ನು ಬಿಟ್ಟುಹೋಗಿದೆ. ಎಲ್ಲಿ ಬೇಕಾದರೂ ಜೀನನ್ನು ಚಾಲೂ ಮಾಡುವ ಗುಂಡಿ ಆ ತುಣುಕಿನಲ್ಲಿದೆ. ಅಂಡಾಶಯದಂಥ ಕೆಲವೇ ಕಡೆ ದುಡಿಯಬೇಕಿದ್ದ ಜೀನ್ ಇದರಿಂದ ಚರ್ಮದಲ್ಲೂ ದುಡಿಯತೊಡಗಿತು. ಎಂದೋ ಒಂದು ಕೋಳಿಯ ವಂಶಕ್ಕೆ ತಗುಲಿದ ಸೋಂಕಿನ ಗುರುತು ಮರಿಯಿಂದ ಮರಿಗೆ ಇಳಿದು ಬಂದು ಸೀಬ್ರೈಟ್‌ನ ಸೌಂದರ್ಯಕ್ಕೆ ಬುನಾದಿಯಾಯಿತು. 2019ರಲ್ಲಿ ಇಡೀ ಜೀನೋಮ್ ಓದಿ ನಡೆಸಿದ ಅಧ್ಯಯನವೂ ಇದೇ ಸೇರ್ಪಡೆಯನ್ನು ಮತ್ತೆ ಗುರುತಿಸಿ ವಿವರಿಸಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಈಸ್ಟ್ರೋಜನ್ ಹೆಣ್ಣಿನ ಹಾರ್ಮೋನೇ ಅಲ್ಲವೇ, ಹಾಗಾಗಿ ಈ ಹುಂಜ ಹೆಣ್ಣಾಗಿದೆ ಎನ್ನುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಹುಂಜವನ್ನೇ ನೋಡಿ ಉತ್ತರ ಹೇಳಬೇಕು. ಅದು ಬೆಳಗಾಗುವ ಮುಂಚೆ ಕೂಗುತ್ತದೆ, ಎದುರಾಳಿಯ ಮೇಲೆ ಎರಗುತ್ತದೆ, ಕಾಲಲ್ಲಿ ಮುಳ್ಳು ಬೆಳೆಸುತ್ತದೆ, ಕಾಳು ಕಂಡರೆ ಹೇಂಟೆಗಳನ್ನು ಕರೆಯುತ್ತದೆ, ಮರಿಗಳಿಗೆ ತಂದೆಯಾಗುತ್ತದೆ. ಜುಟ್ಟೂ ಗಲ್ಲದ ಜೋಲೂ ಹೇಂಟೆಗಿಂತ ದೊಡ್ಡವು. ಬದಲಾಗಿರುವುದು ಗರಿ. ಗರಿಯೊಂದನ್ನೇ ಗಂಡುತನದ ಸಾಕ್ಷಿಯಾಗಿ ಹಿಡಿದದ್ದು ನೋಡುವವರ ಅಭ್ಯಾಸ. ಕೋಳಿಯ ದೇಹ ಅಂಥ ಸಾಕ್ಷಿಯನ್ನು ಕೊಡುವುದಿಲ್ಲ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜ ಕೂಡ ಮರಿ ಮಾಡುವ ಕಾಲ ಮುಗಿಯುತ್ತಿದ್ದಂತೆ ಕುತ್ತಿಗೆಯ ಹೊಳೆವ ಗರಿಗಳನ್ನು ಉದುರಿಸಿ ಕೆಲಕಾಲ ಮಂಕಾಗಿ ತಿರುಗುತ್ತದೆ. ಅದರ ಕಾರಣ ಬೇರೆ, ಸೀಬ್ರೈಟ್‌ನದು ಬೇರೆ. ಆದರೂ ಆ ಹಕ್ಕಿಯನ್ನು ಬಲ್ಲ ಯಾರೂ ಆ ತಿಂಗಳುಗಳಲ್ಲಿ ಅದು ಹುಂಜವಲ್ಲ ಎನ್ನುವುದಿಲ್ಲ. ಕಾಡುಕೋಳಿಗೆ ಕೊಡುವ ಮರ್ಯಾದೆ ಸೀಬ್ರೈಟ್‌ಗೂ ಸಲ್ಲಬೇಕು.

ಈಗ ಸೃಷ್ಟಿಕರ್ತನ ಕಥೆಗೆ ಬರುತ್ತೇನೆ. ಹರ್ಟ್‌ಫರ್ಡ್‌ಶೈರ್‌ನ ಬೀಚ್‌ವುಡ್‌ನಲ್ಲಿದ್ದ ಸರ್ ಜಾನ್ ಸೀಬ್ರೈಟ್ (1767–1846) ಸಂಸತ್ ಸದಸ್ಯನಾಗಿದ್ದ, ತಳಿಶಾಸ್ತ್ರ ಬಲ್ಲವನಾಗಿದ್ದ, ಗಟ್ಟಿ ಬರಹಗಾರನೂ ಆಗಿದ್ದ. ಸಾಕುಪ್ರಾಣಿಗಳ ತಳಿ ಸುಧಾರಣೆಯ ಕಲೆಯ ಬಗ್ಗೆ 1809ರಲ್ಲಿ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರರೂಪದಲ್ಲಿ ಬರೆದ ಆತನ ಪುಸ್ತಿಕೆಯನ್ನು ಡಾರ್ವಿನ್ ಗಮನವಿಟ್ಟು ಓದಿದ್ದ. ಪಾರಿವಾಳದ ಗರಿಯನ್ನು ತನಗೆ ಬೇಕಾದಂತೆ ಮೂರೇ ವರ್ಷದಲ್ಲಿ ತರಬಲ್ಲೆನೆಂದೂ, ತಲೆ ಮತ್ತು ಕೊಕ್ಕಿಗೆ ಅದರ ಎರಡು ಪಟ್ಟು ಕಾಲ ಹಿಡಿಯುವುದೆಂದೂ ಸೀಬ್ರೈಟ್ ಹೇಳುತ್ತಿದ್ದನಂತೆ. ಜೀವಿಸಂಕುಲಗಳ ಉಗಮದ ಕುರಿತ ತನ್ನ ಗ್ರಂಥದಲ್ಲಿ ಡಾರ್ವಿನ್ ಆ ಮಾತಿಗೆ ಜಾಗ ಕೊಟ್ಟಿದ್ದಾನೆ. ಆ ಆತ್ಮವಿಶ್ವಾಸದ ಮಾತೇ ನಂತರದವರಿಗೆ ದಾರಿ ತಪ್ಪಿಸಿದೆ ಎಂದು ನನ್ನ ಅಭಿಪ್ರಾಯ. ಅದನ್ನು ನಂಬಿದವರು ಈ ಕೋಳಿಯನ್ನು ಒಬ್ಬನ ಮನಸ್ಸಿನಲ್ಲಿ ಮೊದಲೇ ಮೂಡಿ ಆಮೇಲೆ ಗೂಡಿನಲ್ಲಿ ಅರಳಿದ ಕಲ್ಪನೆ ಎಂದು ಬಗೆದರು.

ಸಾಕ್ಷ್ಯ ಹೇಳುವುದು ಬೇರೆ. ಮೊದಲಿಗೆ, ಯಾವ ತಳಿಗಳನ್ನು ಬೆರೆಸಿದರು ಎಂಬುದರಲ್ಲೇ ಬರಹಗಾರರಲ್ಲಿ ಒಮ್ಮತವಿಲ್ಲ. ನ್ಯಾನ್‌ಕಿನ್, ಪೋಲಿಷ್, ಹ್ಯಾಂಬರ್ಗ್, ರೋಸ್‌ಕೋಂಬ್ ಎಂದು ಒಬ್ಬೊಬ್ಬರದು ಒಂದೊಂದು ಪಾಕ. ಎರಡನೆಯದಾಗಿ, ಡಾರ್ವಿನ್ ಕೊಟ್ಟ ವೃತ್ತಾಂತದ ಪ್ರಕಾರ ಸುಮಾರು 1800ರಲ್ಲಿ ಸಾಧಾರಣ ಬ್ಯಾಂಟಮ್ ಮತ್ತು ಪೋಲಿಷ್ ಕೋಳಿಯ ಬೆರಕೆಗೆ ಹೇಂಟೆಬಾಲದ ಒಂದು ಬ್ಯಾಂಟಮನ್ನು ಮತ್ತೆ ಕೂಡಿಸಲಾಯಿತು. ಅಂದರೆ ಹೇಂಟೆ ಗರಿಯ ಹುಂಜ ಅದಾಗಲೇ ಎಲ್ಲೋ ಓಡಾಡಿಕೊಂಡಿತ್ತು. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಬೆಲ್ಜಿಯಂ ಮೂಲದ ಕ್ಯಾಂಪೀನ್ ತಳಿಯ ಹೇಂಟೆ ಗರಿಯ ಹುಂಜಗಳ ಅರೊಮಟೇಸ್ ಜೀನ್‌ನಲ್ಲೂ ಇದೇ ವೈರಸ್ ತುಣುಕು ಸಿಕ್ಕಿದೆ. ಚರಿತ್ರೆ ಬೇರೆ, ನಾಡು ಬೇರೆ, ಮೈಕಟ್ಟು ಬೇರೆಯಾದ ಎರಡು ತಳಿಗಳು ಒಂದೇ ಆಕಸ್ಮಿಕವನ್ನು ಹಂಚಿಕೊಂಡಿವೆ. ಸೀಬ್ರೈಟ್‌ನ ಅತಿ ಮುಖ್ಯ ಗುಣ ಸೀಬ್ರೈಟ್ ಎಂಬ ವ್ಯಕ್ತಿಯ ಕೈಕೆಲಸ ಅಲ್ಲ ಎಂಬುದು ಇಷ್ಟರಲ್ಲೇ ಸಾಬೀತು.

ಇದರಿಂದ ಆತನ ಹಿರಿಮೆ ಕುಗ್ಗುವುದೇ? ನನ್ನ ದೃಷ್ಟಿಯಲ್ಲಿ ಹೆಚ್ಚುತ್ತದೆ. ಗಿಡ್ಡ ಬಾಲದ, ಜೂಲಿಲ್ಲದ ಹುಂಜ ಹುಟ್ಟಿದರೆ ಬಹಳ ಮಂದಿ ಮಾಡುವುದು ಅದನ್ನು ಅಡುಗೆಮನೆಗೆ ಕಳಿಸುವುದು. ಹುಂಜವೆಂದರೆ ಬಾಲ ಎಂಬ ಕಾಲದ ಅಭಿರುಚಿಗೆ ವಿರುದ್ಧವಾಗಿ, ಅದರಲ್ಲಿ ಬೇರೆಯದೇ ಒಂದು ಪೂರ್ಣತೆಯ ಸಾಧ್ಯತೆಯಿದೆ ಎಂದು ಕಾಣುವುದಕ್ಕೆ ಕಣ್ಣು ಬೇಕು. ಗರಿಯ ಆಕಾರವೂ ಬಣ್ಣದ ಅಂಚೂ ಒಂದಕ್ಕೊಂದು ಒದಗುತ್ತವೆ ಎಂದು ಊಹಿಸಿ, ಎರಡನ್ನೂ ಒಂದೇ ಪುಟ್ಟ ಮೈಯಲ್ಲಿ ಕೂಡಿಸಿ, ಮುಂದಿನ ಪೀಳಿಗೆಗಳಲ್ಲಿ ಕದಲದಂತೆ ನಿಲ್ಲಿಸಿದ್ದು ಆತನ ಸಾಧನೆ. 1810ರ ದಶಕದಲ್ಲಿ ಇದೊಂದೇ ತಳಿಗಾಗಿ ಸಂಘ ಕಟ್ಟಿದ್ದೂ ಸಾಮಾನ್ಯ ಕೆಲಸವಲ್ಲ. ಸೃಷ್ಟಿಯ ಕೀರ್ತಿಯನ್ನು ಆತನಿಂದ ತೆಗೆದು ಗುರುತಿಸಿದ ಕೀರ್ತಿಯನ್ನು ಕೊಟ್ಟರೆ ಆತನಿಗೆ ಅನ್ಯಾಯವಾಗುವುದಿಲ್ಲ. ತಳಿ ಬೆಳೆಸುವವನ ನಿಜವಾದ ವಿದ್ಯೆ ಗುರುತಿಸುವುದೇ.

ನನ್ನ ಕಟುವಾದ ಮಾತು ಇರುವುದು ಆತನ ನಂತರದವರ ಬಗ್ಗೆ. ಸೀಬ್ರೈಟ್ ಮರಿ ಮಾಡುವುದರಲ್ಲಿ ದುರ್ಬಲ ಎಂಬುದು ನಿಜ. ಮೊಟ್ಟೆ ಕಡಿಮೆ, ಅದರಲ್ಲಿ ಬೀಜಗಟ್ಟುವುದು ಇನ್ನೂ ಕಡಿಮೆ, ಮರಿಗಳು ನಾಜೂಕು, ಮಾರೆಕ್ಸ್ ರೋಗಕ್ಕೆ ಬೇಗ ತುತ್ತಾಗುತ್ತವೆ ಎಂಬ ಅಪಕೀರ್ತಿಯೂ ಇದೆ. ಇದಕ್ಕೆ ಸಾಕಣೆದಾರರು ಥಟ್ಟನೆ ಕೊಡುವ ಕಾರಣ ಹೇಂಟೆ ಗರಿ. ಹೇಂಟೆಯಂತಿರುವ ಹುಂಜ ಸರಿಯಾಗಿ ತಂದೆಯಾಗಲಾರದು ಎಂಬ ಈ ವಾದ ಕೇಳಲು ಸಹಜ ಅನ್ನಿಸುತ್ತದೆ. ಬಾಲದಲ್ಲಿ ತುಸು ಬಾಗು ಉಳಿದ ಹುಂಜವನ್ನು ಮರಿಗೆ ಬಿಟ್ಟರೆ ಫಲ ಹೆಚ್ಚು ಎಂದು ಅನುಭವಿಗಳು ಹೇಳುವುದೂ ಉಂಟು. ಆ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಹೆಚ್ಚುವರಿ ಈಸ್ಟ್ರೋಜನ್‌ನ ಪಾಲು ಸ್ವಲ್ಪ ಇರಬಹುದು. ಆದರೆ ಮುಖ್ಯ ಅಪರಾಧಿಯನ್ನು ಬಿಟ್ಟು ಪಕ್ಕದವನನ್ನು ಹಿಡಿದಂತಾಗಿದೆ ಇದು. ಅದೇ ವೈರಸ್ ತುಣುಕನ್ನು ಹೊತ್ತ ಕ್ಯಾಂಪೀನ್ ಹುಂಜಕ್ಕೆ ಬಂಜೆತನದ ಈ ಕುಖ್ಯಾತಿ ಅಂಟಿಲ್ಲ. ಎರಡಕ್ಕೂ ಗರಿ ಒಂದೇ, ಫಲ ಬೇರೆ ಎಂದ ಮೇಲೆ ಕಾರಣ ಗರಿಯಾಚೆಗೆ ಇರಬೇಕು.

ಆ ಕಾರಣವನ್ನು ಸೀಬ್ರೈಟ್ ತಾನೇ 1809ರಲ್ಲಿ ಬರೆದಿಟ್ಟಿದ್ದ. ಒಂದೇ ಕುಟುಂಬದೊಳಗೆ ಮತ್ತೆ ಮತ್ತೆ ಕೂಡಿಸಿ ನಾಯಿ, ಕೋಳಿ, ಪಾರಿವಾಳಗಳ ಮೇಲೆ ತಾನು ಮಾಡಿದ ಪ್ರಯೋಗಗಳನ್ನು ವಿವರಿಸಿ, ಬಲವಾದ ನಾಯಿಗಳು ಬಡಕಲಾದವು, ಕೋಳಿಗಳು ಕಾಲು ಉದ್ದವಾಗಿ ಮೈ ಸಣ್ಣದಾಗಿ ಮರಿ ಮಾಡುವ ಶಕ್ತಿ ಕಳೆದುಕೊಂಡವು ಎಂಬ ಅರ್ಥದಲ್ಲಿ ಎಚ್ಚರಿಸಿದ್ದ. ಆತನ ಹೆಸರಿನ ಕೋಳಿಯನ್ನೇ ಆ ದಾರಿಯಲ್ಲಿ ನಡೆಸಲಾಯಿತು. ಆತನ ಕೋಳಿಗಳಿಂದ ನೇರವಾಗಿ ಇಳಿದು ಬಂದ ಬೆಳ್ಳಿ ಬ್ಯಾಂಟಮ್‌ಗಳು ಹೆಚ್ಚುಕಡಿಮೆ ಬೆರಕೆ ಜಾತಿಯ ಪ್ರಾಣಿಗಳಷ್ಟೇ ಬಂಜೆಯಾದದ್ದನ್ನು ಕಣ್ಣಾರೆ ಕಂಡೆನೆಂದು ಡಾರ್ವಿನ್ ಬರೆದಿದ್ದಾನೆ. ಎರಡು ಗೂಡು ತುಂಬ ಮೊಟ್ಟೆಯಿಂದ ಆ ವರ್ಷ ಒಂದು ಮರಿಯೂ ಹೊರಬರಲಿಲ್ಲ. ಅಷ್ಟು ಹಳೆಯ, ಅಷ್ಟು ಸ್ಪಷ್ಟವಾದ ಎಚ್ಚರಿಕೆ ಇದ್ದೂ ಪ್ರದರ್ಶನದ ಜಗತ್ತು ಕೇಳುತ್ತ ಬಂದದ್ದು ಇನ್ನೂ ಸಣ್ಣ ಅಂಚನ್ನು, ಇನ್ನೂ ಸಮನಾದ ರೇಖೆಯನ್ನು, ಹಿಪ್ಪುನೇರಳೆ ಹಣ್ಣಿನ ಬಣ್ಣದ ಮುಖವನ್ನು. ಈ ಒಂದೊಂದು ಬೇಡಿಕೆಗೂ ನೂರಾರು ಹಕ್ಕಿಗಳಲ್ಲಿ ಕೆಲವನ್ನೇ ಉಳಿಸಿಕೊಂಡು, ಉಳಿದವನ್ನು ವಂಶದಿಂದ ಹೊರಗಿಡಬೇಕಾಗುತ್ತದೆ. ಉಳಿದ ಕೆಲವು ಹಕ್ಕಿಗಳು ಒಂದಕ್ಕೊಂದು ಒಡಹುಟ್ಟಿದವು, ದಾಯಾದಿಗಳು. ದೌರ್ಬಲ್ಯ ಬಂದದ್ದು ಅಲ್ಲಿಂದ. ಅದನ್ನು ಅಂದದ ಬೆಲೆ ಎಂದು ಕರೆಯುವುದು ಆಯ್ಕೆ ಮಾಡಿದವರ ಹೊಣೆಯನ್ನು ಹಕ್ಕಿಯ ಮೇಲೆ ಹೊರಿಸಿದಂತೆ.

ಮಾನದಂಡಗಳನ್ನು ಸಮರ್ಥಿಸುವವರ ಮಾತಿಗೂ ತೂಕವಿದೆ. ಇನ್ನೂರು ವರ್ಷ ಈ ತಳಿ ಉಳಿದು ಬಂದಿರುವುದು ಮಾನದಂಡ ಇದ್ದದ್ದರಿಂದ. ಅಮೆರಿಕದಲ್ಲಿ 1874ರಷ್ಟು ಹಿಂದೆಯೇ ಅದು ಅಧಿಕೃತ ಪಟ್ಟಿ ಸೇರಿತು. ಬರೆದಿಟ್ಟ ಆದರ್ಶವಿಲ್ಲದಿದ್ದರೆ ಅಂಚೂ ಗರಿಯೂ ಬೆರಕೆಯಲ್ಲಿ ಕರಗಿಹೋಗುತ್ತಿದ್ದವು. ಇದನ್ನು ಒಪ್ಪಿಕೊಂಡೇ ಕೇಳುತ್ತೇನೆ: ನಿಲ್ಲಿಸಿದ ಹಕ್ಕಿಯನ್ನು ಒಂದು ದಿನ ನೋಡಿ ಅಂಕ ಕೊಡುವ ಮಾನದಂಡ, ಆ ಹಕ್ಕಿ ಮರಿ ಮಾಡೀತೇ ಎಂದು ಒಮ್ಮೆಯೂ ಕೇಳದಿದ್ದರೆ ಅದು ಯಾವುದನ್ನು ಕಾಪಾಡಿದಂತಾಯಿತು? ಆದರ್ಶ ಗರಿಯ, ಸಂತಾನವಿಲ್ಲದ ಹುಂಜ ತಳಿಯ ಕೊನೆಯ ಪುಟ. ಅದಕ್ಕೆ ಬಹುಮಾನ ಕೊಡುವವರು ತಾವು ತಳಿಯನ್ನು ಉಳಿಸುತ್ತಿದ್ದೇವೆ ಎಂದುಕೊಳ್ಳಬಾರದು.

ಕರ್ನಾಟಕವೂ ಸೇರಿದಂತೆ ದಕ್ಷಿಣದ ಹವ್ಯಾಸಿಗಳು ಈಗ ಅಲಂಕಾರಿಕ ಬ್ಯಾಂಟಮ್‌ಗಳನ್ನು ಆಸಕ್ತಿಯಿಂದ ಸಾಕುತ್ತಿರುವುದರಿಂದ ಈ ಮಾತು ದೂರದ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಒಂದು ಜೋಡಿ ತಂದು, ಅದರ ಮರಿಗಳನ್ನೇ ಪರಸ್ಪರ ಕೂಡಿಸಿ, ಅಂಚು ಚೆನ್ನಾಗಿರುವ ಎರಡನ್ನು ಉಳಿಸಿ ಮಿಕ್ಕವನ್ನು ಮಾರುವ ಕ್ರಮ ಇನ್ನೂರು ವರ್ಷದ ತಪ್ಪನ್ನು ಮೊದಲಿನಿಂದ ಆರಂಭಿಸುವ ಕ್ರಮ. ಬೇರೆ ಕಡೆಯಿಂದ ಹುಂಜ ತಂದು ಕೂಡಿಸಿ. ಅದರ ಅಂಚು ತುಸು ದಪ್ಪವಿದ್ದರೂ, ಬಾಲದಲ್ಲಿ ಸ್ವಲ್ಪ ಬಾಗು ಕಂಡರೂ ಬಿಡಬೇಡಿ. ಎಷ್ಟು ಮೊಟ್ಟೆ ಬೀಜಗಟ್ಟಿತು, ಎಷ್ಟು ಮರಿ ಬದುಕಿತು ಎಂದು ಬರೆದಿಡಿ. ಮರಿ ಹುಟ್ಟಿದ ದಿನವೇ ಮಾರೆಕ್ಸ್ ಲಸಿಕೆ ಹಾಕಿಸಿ. ಅಂಚಿನ ಸೂಕ್ಷ್ಮವನ್ನು ಎರಡು ಮೂರು ಪೀಳಿಗೆಯ ಆಯ್ಕೆಯಿಂದ ಮತ್ತೆ ತರಬಹುದು. ಹೋದ ಸಂತಾನಶಕ್ತಿಯನ್ನು ಅದೇ ಸಣ್ಣ ಗುಂಪಿನೊಳಗಿಂದ ಮರಳಿ ತರಲಾಗದು.

ಕೊನೆಯದಾಗಿ ಉಪಯೋಗವಿಲ್ಲದ ಹಕ್ಕಿ ಎಂಬ ಮಾತು. ತಕ್ಕಡಿಯಲ್ಲಿ ತೂಗಿದರೆ ಸೀಬ್ರೈಟ್ ಸೋಲುತ್ತದೆ, ನಿಜ. ಆದರೆ ಹಕ್ಕಿಯ ಮೈಯಲ್ಲಿ ಗಂಡು ಹೆಣ್ಣಿನ ಗರಿ ಹೇಗೆ ನಿರ್ಧಾರವಾಗುತ್ತದೆ, ಅದರಲ್ಲಿ ಚರ್ಮದ ಪಾತ್ರವೇನು, ಒಂದು ವೈರಸ್ ತುಣುಕು ಜೀನ್ ಒಂದರ ನಡತೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ವಿಜ್ಞಾನಕ್ಕೆ ಕಲಿಸಿಕೊಟ್ಟದ್ದರಲ್ಲಿ ಈ ಪುಟ್ಟ ಕೋಳಿಯ ಪಾಲು ದೊಡ್ಡದು. ಯಾವ ಹುಂಜವನ್ನು ಕೊರತೆಯ ಹುಂಜ ಎಂದು ಕರೆದೆವೋ ಅದೇ ಹುಂಜ, ಕೋಳಿಯ ಬಗ್ಗೆ ನಮ್ಮ ತಿಳಿವಳಿಕೆಯಲ್ಲೇ ಇದ್ದ ಕೊರತೆಯನ್ನು ತೋರಿಸಿಕೊಟ್ಟಿತು. ಅಲಂಕಾರಿಕ ತಳಿಯನ್ನು ಅದರ ಮೇಲ್ಮೈಯಿಂದ ಅಳೆಯುವುದನ್ನು ಬಿಟ್ಟು, ಆ ಮೇಲ್ಮೈ ಹೇಗೆ ಹುಟ್ಟಿತು, ಯಾವುದರ ಬಲದಿಂದ ನಿಂತಿದೆ ಎಂದು ಕೇಳುವ ವಿಮರ್ಶೆ ನಮಗೆ ಬೇಕು. ಸೀಬ್ರೈಟ್‌ನ ಮುಂದಿನ ಮಾನದಂಡ ಬರೆಯುವವರು ಮೊದಲ ಸಾಲಿನಲ್ಲಿ ಅಂಚನ್ನಲ್ಲ, ಗರಿಯನ್ನು ಬರೆಯಲಿ; ಎರಡನೆಯ ಸಾಲಿನಲ್ಲಿ ಮರಿಗಳನ್ನು. ಅಂಚು ಮೂರನೆಯ ಸಾಲಿಗೆ ಬಂದರೂ ಈ ಹಕ್ಕಿ ಸುಂದರವಾಗಿಯೇ ಇರುತ್ತದೆ, ಬದುಕಿಯೂ ಇರುತ್ತದೆ.